ಮುಖ ಮೂಡುವ ಬಗೆ

ಮೂಗಿನ ಕೆಳಗೆ, ಮೇಲ್ದುಟಿಯ ನಡುವೆ ಒಂದು ತಗ್ಗಿದೆ. ಅದರ ಎರಡು ಬದಿಗಳಲ್ಲಿ ಸಣ್ಣ ಏಣುಗಳಿವೆ. ಕನ್ನಡಿ ನೋಡುವವರು ಅವುಗಳನ್ನು ಗಮನಿಸುವುದು ಅಪರೂಪ. ಮುಖವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದುದಲ್ಲ, ಬೇರೆ ಬೇರೆ ಭಾಗಗಳು ಕೂಡಿ ಆದುದು ಎಂಬುದಕ್ಕೆ ಅವು ಉಳಿದುಬಂದ ಗುರುತುಗಳು.

ಗರ್ಭಾಂಕುರವಾದ ನಾಲ್ಕನೆಯ ವಾರದಲ್ಲಿ ಭ್ರೂಣವು ಭತ್ತದ ಕಾಳಿಗಿಂತಲೂ ಚಿಕ್ಕದು. ಆಗ ಅದಕ್ಕೆ ಮುಖವಿಲ್ಲ. ಬಾಯಿಯಾಗಬೇಕಾದ ಕುಳಿಯ ಸುತ್ತ ಐದು ಉಬ್ಬುಗಳು ಮಾತ್ರ ಇರುತ್ತವೆ: ಮೇಲೆ ಒಂದು, ಪಕ್ಕಗಳಲ್ಲಿ ಎರಡು, ಕೆಳಗೆ ಎರಡು. ಇವುಗಳನ್ನು ತುಂಬುವ ಜೀವಕೋಶಗಳು ಬಹುಮಟ್ಟಿಗೆ ಅಲ್ಲಿಯೇ ಹುಟ್ಟಿದವಲ್ಲ. ಮಿದುಳಾಗಲಿರುವ ನಾಳದ ಅಂಚಿನಿಂದ ವಲಸೆ ಬಂದವು. ಈ ಕೋಶಗಳ ಪಟ್ಟಿಯನ್ನು 1868ರಲ್ಲಿ ಸ್ವಿಟ್ಜರ್ಲೆಂಡಿನ ವಿಲ್ಹೆಲ್ಮ್ ಹಿಸ್ ಎಂಬ ವಿಜ್ಞಾನಿಯು ಕೋಳಿಯ ಭ್ರೂಣದಲ್ಲಿ ಮೊದಲು ಗುರುತಿಸಿದನು.

ಕೆಳಗಿನ ಉಬ್ಬುಗಳು ಮೊದಲು ಕೂಡಿ ಕೆಳದವಡೆಯಾಗುತ್ತವೆ. ಮೇಲಿನ ಉಬ್ಬಿನಲ್ಲಿ ಎರಡು ಗುಳಿಗಳು ಮೂಡುತ್ತವೆ. ಅವೇ ಮೂಗಿನ ಹೊಳ್ಳೆಗಳ ಆರಂಭ. ಮೀನಿನ ಕಣ್ಣುಗಳಂತೆ ತಲೆಯ ಪಕ್ಕಗಳಲ್ಲಿದ್ದ ಕಣ್ಣುಗಳು ಮುಂದಕ್ಕೆ ಸರಿಯುತ್ತವೆ. ಕತ್ತಿನ ಬಳಿ ಮೊಳೆತ ಕಿವಿಗಳು, ದವಡೆ ಬೆಳೆದಂತೆ, ಮೇಲೇರುತ್ತವೆ. ಆರು, ಏಳನೆಯ ವಾರಗಳಲ್ಲಿ ಪಕ್ಕದ ಉಬ್ಬುಗಳು ಗುಳಿಗಳ ನಡುವಿನ ಭಾಗದೊಡನೆ ಬೆಸೆದು ಮೇಲ್ದುಟಿ ಸಿದ್ಧವಾಗುತ್ತದೆ. ಈ ಬೆಸುಗೆ ಒಂದು ಪಕ್ಕದಲ್ಲೋ ಎರಡು ಪಕ್ಕಗಳಲ್ಲೋ ತಪ್ಪಿದರೆ ಮಗು ಸೀಳುತುಟಿಯೊಡನೆ ಹುಟ್ಟುತ್ತದೆ. ಸೀಳು ಸಾಮಾನ್ಯವಾಗಿ ತುಟಿಯ ನಟ್ಟನಡುವೆ ಇರದೆ ಹೊಳ್ಳೆಯ ಕೆಳಗೆ ಇರುವುದು ಇದರಿಂದಲೇ.

ಗ್ರಹಣದ ಹೊತ್ತಿನಲ್ಲಿ ಬಸುರಿಯು ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚಿದಳು, ಅದರಿಂದಲೇ ಮಗುವಿನ ತುಟಿ ಸೀಳಿತು ಎಂದು ತಾಯಿಯನ್ನು ದೂರುವವರು ಕನ್ನಡ ನಾಡಿನಲ್ಲಿ ಇಂದಿಗೂ ಇದ್ದಾರೆ. ಈ ದೂರು ಎಂತಹ ಅನ್ಯಾಯವೆಂಬುದು ದಿನಗಳ ಲೆಕ್ಕ ಹಾಕಿದರೆ ತಿಳಿಯುತ್ತದೆ. ಹೊಟ್ಟೆ ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ, ಎಷ್ಟೋ ವೇಳೆ ತಾನು ಬಸುರಿಯೆಂದು ಹೆಂಗಸಿಗೆ ಖಚಿತವಾಗುವಷ್ಟರಲ್ಲಿಯೇ, ತುಟಿಯ ಕೆಲಸ ಮುಗಿದಿರುತ್ತದೆ. ಐದನೆಯ ತಿಂಗಳಿನ ಗ್ರಹಣವು ಎರಡನೆಯ ತಿಂಗಳಿನಲ್ಲಿ ಕೂಡಿಕೊಂಡ ತುಟಿಯನ್ನು ಸೀಳುವುದೆಂತು? ವಂಶವಾಹಿಗಳು, ಕೆಲವು ಔಷಧಗಳು, ಧೂಮಪಾನ ಹೀಗೆ ಕಾರಣಗಳು ಹಲವು. ಒಂದು ಮಗುವಿನಲ್ಲಿ ಇಂಥದೇ ಎಂದು ಬೆರಳಿಟ್ಟು ತೋರಿಸುವುದು ಬಹುತೇಕ ಆಗದ ಮಾತು. ಮಗು ಹುಟ್ಟಿದ ಕೆಲವೇ ತಿಂಗಳುಗಳಲ್ಲಿ ಶಸ್ತ್ರವೈದ್ಯರು ಈ ಸೀಳನ್ನು ಹೊಲಿದು ಸರಿಪಡಿಸಬಲ್ಲರು.

ಅಂಗುಳಿನ ಬಗೆ ಇನ್ನೂ ಸೋಜಿಗದ್ದು. ಅದರ ಎರಡು ಹಲಗೆಗಳು ಮೊದಲು ನಾಲಗೆಯ ಇಕ್ಕೆಲಗಳಲ್ಲಿ ಜೋತುಬಿದ್ದಿರುತ್ತವೆ. ಎಂಟನೆಯ ವಾರದ ಸುಮಾರಿಗೆ ನಾಲಗೆ ಕೆಳಗಿಳಿಯುತ್ತದೆ. ಅವು ಮೇಲೆದ್ದು ಅಡ್ಡಲಾಗಿ ಚಾಚಿ ನಡುವೆ ಕೂಡಿಕೊಳ್ಳುತ್ತವೆ.

ತಲೆಬುರುಡೆಯ ಬುಡವು ಮೊದಲು ಮೃದ್ವಸ್ಥಿಯಾಗಿ ಮೂಡಿ ಅನಂತರ ಮೂಳೆಯಾಗುತ್ತದೆ. ಮೇಲಿನ ಚಿಪ್ಪುಗಳು ತೆಳುಪೊರೆಯಲ್ಲಿ ನೇರವಾಗಿ ಮೂಳೆಗಟ್ಟುತ್ತವೆ. ಮುಖದ ಭಾಗಗಳಂತೆ ಈ ಚಿಪ್ಪುಗಳು ಹುಟ್ಟುವ ಮೊದಲೇ ಬೆಸೆದುಕೊಳ್ಳುವುದಿಲ್ಲ. ಬೆಸೆದಿದ್ದರೆ ಮಿದುಳು ಬೆಳೆಯಲು ಎಡೆಯೇ ಇರುತ್ತಿರಲಿಲ್ಲ. ಹೆರಿಗೆಯ ವೇಳೆ ಅವು ಒಂದರ ಮೇಲೊಂದು ತುಸು ಸರಿದು ತಲೆಗೆ ದಾರಿ ಮಾಡಿಕೊಡುತ್ತವೆ. ಅಜ್ಜಿಯು ಹರಳೆಣ್ಣೆ ಒತ್ತುವಾಗ ಕೂಸಿನ ನೆತ್ತಿಯಲ್ಲಿ ಮಿಡಿಯುವ ಮೆತ್ತನೆಯ ಜಾಗವು ಆ ಚಿಪ್ಪುಗಳ ನಡುವಣ ತೆರಪು. ಸಾಮಾನ್ಯವಾಗಿ ಮಗುವಿಗೆ ಒಂದೂವರೆ ವರ್ಷವಾಗುವ ಹೊತ್ತಿಗೆ ಅದು ಮುಚ್ಚಿಕೊಳ್ಳುತ್ತದೆ.