ಗಿಡ್ಡ ಹುಡುಗ ಆಟಕ್ಕೆ ಆಗದವನೇ?

ಮಳೆಗಾಲ ಹಿಡಿಯಿತೆಂದರೆ ನಮ್ಮ ಶಾಲೆಗಳಲ್ಲಿ ಕ್ರೀಡಾಕೂಟಗಳ ಓಡಾಟವೂ ಶುರುವಾಗುತ್ತದೆ. ವಲಯ ಮಟ್ಟ, ತಾಲ್ಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ತಂಡಗಳನ್ನು ಆರಿಸುತ್ತಾರೆ. ಈ ದಿನಗಳಲ್ಲಿ ನನ್ನ ಚಿಕಿತ್ಸಾಲಯಕ್ಕೆ ಬರುವ ಕೆಲವು ತಾಯಂದಿರ ದೂರು ಜ್ವರ, ಕೆಮ್ಮು, ನೆಗಡಿಯದಲ್ಲ. ‘ಇವನು ಚೆನ್ನಾಗಿ ಆಡ್ತಾನಂತೆ ಸಾರ್, ಆದ್ರೆ ಗಿಡ್ಡ ಅಂತ ಟೀಮಿಗೆ ತಗೊಳ್ಳಲಿಲ್ಲ. ಏನಾದ್ರೂ ಟಾನಿಕ್ ಬರೆದುಕೊಡಿ’ ಎನ್ನುತ್ತಾರೆ. ಪಕ್ಕದಲ್ಲಿ ಹದಿಮೂರರ ಹುಡುಗ ತಲೆ ತಗ್ಗಿಸಿ ಕೂತಿರುತ್ತಾನೆ. ಅವನ ತರಗತಿಯದೇ ಇನ್ನೊಬ್ಬ ಹುಡುಗನಿಗೆ ಆಗಲೇ ಮೀಸೆ ಚಿಗುರಿರುತ್ತದೆ, ದನಿ ಒಡೆದಿರುತ್ತದೆ, ಎತ್ತರ ಒಂದು ಗೇಣು ಹೆಚ್ಚಿರುತ್ತದೆ. ಇಬ್ಬರೂ ಹುಟ್ಟಿದ್ದು ಒಂದೇ ವರ್ಷ.

ನಮ್ಮ ಕಡೆಯ ಹಳೆಯ ಆಟಗಳು ಈ ವಿಷಯದಲ್ಲಿ ಜಾಣತನ ತೋರಿವೆ. ಕುಸ್ತಿಯಲ್ಲಿ ತೂಕಕ್ಕೆ ತಕ್ಕ ಜೋಡಿ ನೋಡಿಯೇ ಕಣಕ್ಕಿಳಿಸುವುದು. ಕಬಡ್ಡಿಯಲ್ಲೂ ತೂಕದ ಮಿತಿಯಿದೆ. ಫುಟ್‌ಬಾಲ್‌ನಲ್ಲಿ ಮಾತ್ರ 14ರ ಒಳಗೆ, 17ರ ಒಳಗೆ ಎಂದು ವಯಸ್ಸೊಂದೇ ಅಳತೆ. ಮೂವತ್ತೈದು ಕಿಲೋ ಹುಡುಗನೂ ಅರವತ್ತು ಕಿಲೋ ಹುಡುಗನೂ ಒಂದೇ ಚೆಂಡಿಗೆ ಭುಜ ಕೊಟ್ಟು ನುಗ್ಗಬೇಕು. ಬೆಂಗಳೂರಿಗೆ ಅರವತ್ತು ಕಿಲೋಮೀಟರ್ ದೂರದಲ್ಲಿರುವ ನಮ್ಮ ಚನ್ನಪಟ್ಟಣದ ಮಕ್ಕಳಿಗೂ ಈಗ ಫುಟ್‌ಬಾಲ್ ಹುಚ್ಚು ಹತ್ತಿರುವುದರಿಂದ ತಂದೆತಾಯಿಗಳು ಈ ವ್ಯತ್ಯಾಸದ ಹಿನ್ನೆಲೆಯನ್ನು ತಿಳಿದಿರುವುದು ಒಳ್ಳೆಯದು.

ಬೆಳವಣಿಗೆಯ ಗಡಿಯಾರ

ಐದನೇ ವಯಸ್ಸಿನಿಂದ ಹದಿಹರೆಯದವರೆಗೆ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತದೆ. ಆಮೇಲೆ ಮಿದುಳಿನ ಬುಡದಲ್ಲಿ ಬಟಾಣಿಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಎಚ್ಚೆತ್ತು, ಹುಡುಗರಲ್ಲಿ ವೃಷಣಗಳನ್ನೂ ಹುಡುಗಿಯರಲ್ಲಿ ಅಂಡಾಶಯಗಳನ್ನೂ ಕೆಲಸಕ್ಕೆ ಹಚ್ಚುತ್ತದೆ. ಅಲ್ಲಿಂದ ಹೊರಡುವ ಹಾರ್ಮೋನುಗಳು ಬೆಳವಣಿಗೆಯ ಹಾರ್ಮೋನಿನ ಜೊತೆ ಸೇರಿದಾಗ ಮಗು ಒಮ್ಮೆಲೇ ಏರುತ್ತದೆ. ಏರಿಕೆ ಅತಿ ವೇಗವಾಗಿರುವ ವರ್ಷದಲ್ಲಿ ಹುಡುಗಿಯರು ಸುಮಾರು 8 ಸೆಂಟಿಮೀಟರ್, ಹುಡುಗರು 9ರಿಂದ 10 ಸೆಂಟಿಮೀಟರ್ ಬೆಳೆಯುವುದುಂಟು. ಹುಡುಗಿಯರಿಗೆ ಇದು ಸರಾಸರಿ ಹನ್ನೆರಡರ ಆಸುಪಾಸಿನಲ್ಲಿ, ಹುಡುಗರಿಗೆ ಹದಿನಾಲ್ಕರ ಆಸುಪಾಸಿನಲ್ಲಿ ಬರುತ್ತದೆ. ಆರನೇ, ಏಳನೇ ತರಗತಿಯಲ್ಲಿ ಹುಡುಗಿಯರು ಹುಡುಗರಿಗಿಂತ ಎತ್ತರ ಕಾಣುವುದು ಇದರಿಂದಲೇ.

ಇಲ್ಲಿ ‘ಸರಾಸರಿ’ ಎಂಬ ಮಾತನ್ನು ಗಮನಿಸಬೇಕು. ಹದಿಹರೆಯದ ಮೊದಲ ಗುರುತುಗಳು ಹುಡುಗರಲ್ಲಿ 9ರಿಂದ 14ರೊಳಗೆ, ಹುಡುಗಿಯರಲ್ಲಿ 8ರಿಂದ 13ರೊಳಗೆ ಯಾವಾಗ ಕಾಣಿಸಿದರೂ ಅದು ಸಹಜವೇ. ಒಂದೇ ಮಾವಿನ ತೋಪಿನಲ್ಲಿ ಒಂದು ಮರ ಬೇಗ ಹೂ ಬಿಡುತ್ತದೆ, ಇನ್ನೊಂದು ತಡವಾಗಿ. ಕಾಯಿ ಎರಡರಲ್ಲೂ ಆಗುತ್ತದೆ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ಎಷ್ಟು ಬಲಿತಿದೆ ಎಂದು ಲೆಕ್ಕ ಹಾಕುವ ಕ್ರಮವಿದೆ. ಹಾಗೆ ನೋಡಿದರೆ ಹದಿಮೂರು ವರ್ಷದ ಆರೋಗ್ಯವಂತ ಹುಡುಗರಲ್ಲೇ ಒಬ್ಬನ ಮೂಳೆಯ ವಯಸ್ಸು 11, ಇನ್ನೊಬ್ಬನದು 15 ಇರಬಹುದು. ಇಬ್ಬರಿಗೂ ಯಾವ ಕಾಯಿಲೆಯೂ ಇಲ್ಲ. ತಡವಾಗಿ ಬಲಿಯುವವನ ಮೂಳೆಯ ತುದಿಗಳಲ್ಲಿ ಬೆಳೆಯುವ ಮೆದುಮೂಳೆಯ ಪಟ್ಟಿ ಹೆಚ್ಚು ಕಾಲ ತೆರೆದಿರುವುದರಿಂದ ಅವನು ಹದಿನೆಂಟರವರೆಗೂ ಬೆಳೆದು ತರಗತಿಯ ‘ದೊಡ್ಡವನ’ ಸಮಕ್ಕೆ ಬಂದು ನಿಲ್ಲುವುದು ಸಾಮಾನ್ಯ. ತಂದೆಯನ್ನೋ ಸೋದರಮಾವನನ್ನೋ ಕೇಳಿ ನೋಡಿ. ‘ನಾನೂ ಎಸ್ಸೆಸ್ಸೆಲ್ಸಿ ಆದ ಮೇಲೇ ಬೆಳೆದದ್ದು’ ಎಂದು ಅವರಲ್ಲೊಬ್ಬರು ಹೇಳುವ ಸಂಭವ ಹೆಚ್ಚು.

ಹದಿಮೂರನೇ ವಯಸ್ಸಿನಲ್ಲಿ ತಂಡ ಆರಿಸುವಾಗ ನಾವು ಬಹಳ ಸಲ ಆಟವನ್ನು ಆರಿಸುತ್ತಿಲ್ಲ, ಬೇಗ ಬಲಿತ ಮೈಯನ್ನು ಆರಿಸುತ್ತಿದ್ದೇವೆ. ಹುಟ್ಟಿದ ತಿಂಗಳೂ ಇದರಲ್ಲಿ ಕೈ ಆಡಿಸುತ್ತದೆ. ಜನವರಿ 1ರಿಂದ ವಯಸ್ಸು ಎಣಿಸಿದರೆ ಜನವರಿಯಲ್ಲಿ ಹುಟ್ಟಿದವನು ಡಿಸೆಂಬರ್‌ನಲ್ಲಿ ಹುಟ್ಟಿದವನಿಗಿಂತ ಸುಮಾರು ಒಂದು ವರ್ಷ ದೊಡ್ಡವನು. ಬೆಲ್ಜಿಯಂ ದೇಶದಲ್ಲಿ ಮಕ್ಕಳ ಫುಟ್‌ಬಾಲ್ ವಯಸ್ಸನ್ನು ಮೊದಲು ಆಗಸ್ಟ್ 1ರಿಂದ ಎಣಿಸುತ್ತಿದ್ದರು. ತಂಡಗಳಲ್ಲಿ ಆಗಸ್ಟ್ ಮತ್ತು ಅದರ ಮುಂದಿನ ತಿಂಗಳುಗಳಲ್ಲಿ ಹುಟ್ಟಿದ ಹುಡುಗರೇ ಹೆಚ್ಚಿದ್ದರು. 1997ರಲ್ಲಿ ದಿನವನ್ನು ಜನವರಿ 1ಕ್ಕೆ ಬದಲಾಯಿಸಿದ ಮೇಲೆ ‘ಪ್ರತಿಭಾವಂತರು’ ಜನವರಿ, ಫೆಬ್ರವರಿಯಲ್ಲಿ ಹುಟ್ಟತೊಡಗಿದರು! ಪ್ರತಿಭೆ ಕ್ಯಾಲೆಂಡರ್ ನೋಡಿ ಬರುವುದಿಲ್ಲವಷ್ಟೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ತಾರೀಖು ಬರೆದುಕೊಳ್ಳುತ್ತಿದ್ದ ಕಾಲವನ್ನು ನೆನೆದರೆ ನಮ್ಮಲ್ಲಿ ಈ ಲೆಕ್ಕ ಇನ್ನೂ ಗೋಜಲು.

ದೊಡ್ಡ ಹುಡುಗನಿಗೂ ನಷ್ಟವಿದೆ

ಗಿಡ್ಡ ಹುಡುಗನ ಬಗ್ಗೆ ಮರುಗುವ ನಾವು ಎತ್ತರದ ಹುಡುಗನನ್ನು ಅದೃಷ್ಟವಂತನೆಂದು ಬಿಟ್ಟುಬಿಡುತ್ತೇವೆ. ಅವನನ್ನು ಹಿಂದೆ ಬ್ಯಾಕ್ ಆಗಿ ನಿಲ್ಲಿಸಿ ‘ಜೋರಾಗಿ ಒದಿ’ ಎನ್ನುತ್ತಾರೆ. ಒದ್ದರೆ ಚೆಂಡು ಮೈದಾನ ದಾಟುತ್ತದೆ, ನುಗ್ಗಿದರೆ ಎದುರಿನವರು ಬೀಳುತ್ತಾರೆ. ಕಾಲಿನಲ್ಲಿ ಚೆಂಡು ಹಿಡಿಯುವುದು, ನೋಡಿ ಪಾಸ್ ಕೊಡುವುದು ಕಲಿಯುವ ಅಗತ್ಯವೇ ಅವನಿಗೆ ಬೀಳುವುದಿಲ್ಲ. ಹದಿನೇಳಕ್ಕೆ ಉಳಿದವರು ಅವನ ಎತ್ತರಕ್ಕೆ ಬಂದಾಗ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಇದರ ಮೇಲೆ ‘ವಯಸ್ಸು ಕದ್ದಿದ್ದಾನೆ’ ಎಂಬ ಅನುಮಾನ ಬೇರೆ. ವಯಸ್ಸಿನ ಮೋಸ ನಮ್ಮ ದೇಶದ ಕ್ರೀಡೆಯಲ್ಲಿ ಇರುವುದು ನಿಜ. ಅದಕ್ಕಾಗಿಯೇ ಕ್ರಿಕೆಟ್ ಮಂಡಳಿ 16ರ ಒಳಗಿನ ಹುಡುಗರ ಮಣಿಕಟ್ಟಿನ ಎಕ್ಸ್‌ರೇ ನೋಡುತ್ತದೆ, ಫಿಫಾ 2009ರಿಂದ 17ರ ಒಳಗಿನ ವಿಶ್ವಕಪ್‌ನಲ್ಲಿ ಎಂ.ಆರ್.ಐ. ಬಳಸಿದೆ. ಆದರೆ ಮೂಳೆ ತೋರಿಸುವುದು ಬಲಿತದ್ದನ್ನು, ಹುಟ್ಟಿದ ತಾರೀಖನ್ನಲ್ಲ. ಬೇಗ ಬಲಿತ ಪ್ರಾಮಾಣಿಕ ಹುಡುಗನನ್ನು ಮೀಸೆ ನೋಡಿ ಕಳ್ಳನೆನ್ನಬಾರದು.

ಇದಕ್ಕೆ ಪರಿಹಾರಗಳನ್ನು ಹುಡುಕಿದವರಿದ್ದಾರೆ. ಬೆಲ್ಜಿಯಂನ ಫುಟ್‌ಬಾಲ್ ಸಂಸ್ಥೆ ತಡವಾಗಿ ಬಲಿಯುವ ಹುಡುಗರಿಗೆಂದೇ ಬೇರೆ ತಂಡ ಕಟ್ಟಿತು. ಇಂಗ್ಲೆಂಡಿನ ಕೆಲವು ಕ್ಲಬ್ಬುಗಳು 2015ರ ಸುಮಾರಿಗೆ ಮಕ್ಕಳನ್ನು ವಯಸ್ಸಿನ ಬದಲು, ಮುಂದೆ ಮುಟ್ಟಬಹುದಾದ ಎತ್ತರದಲ್ಲಿ ಈಗ ಶೇಕಡಾ ಎಷ್ಟು ಮುಟ್ಟಿದ್ದಾರೆ ಎಂದು ಲೆಕ್ಕ ಹಾಕಿ ಗುಂಪು ಮಾಡಿ ಆಡಿಸಿದವು. ಬೇಗ ಬಲಿತವರಿಗೆ ಮೊದಲ ಬಾರಿ ತಮ್ಮ ಸಮದ ಮೈಯವರು ಎದುರಾದದ್ದರಿಂದ ಅವರು ಬುದ್ಧಿ ಉಪಯೋಗಿಸಿ ಆಡಬೇಕಾಯಿತು; ತಡವಾದವರು ಮುಂದೆ ಬಂದು ತಂಡ ನಡೆಸಿದರು. ಆಡಿದ ಮಕ್ಕಳೇ ಹೀಗೆಂದು ಹೇಳಿದ್ದಾರೆ.

ನಮ್ಮ ಶಾಲೆಗಳಲ್ಲಿ ಇಷ್ಟೆಲ್ಲ ಲೆಕ್ಕ ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ದೈಹಿಕ ಶಿಕ್ಷಕರು ಮನಸ್ಸು ಮಾಡಿದರೆ ವಾರದಲ್ಲೊಂದು ದಿನ ತರಗತಿ ನೋಡದೆ ಮೈಕಟ್ಟು ನೋಡಿ ಎರಡು ಗುಂಪು ಮಾಡಿ ಆಡಿಸಬಹುದು. ಚಿಕ್ಕ ಮೈದಾನ, ಐದೈದು ಮಂದಿ, ಎತ್ತಿ ಒದೆಯಬಾರದೆಂಬ ನಿಯಮ ಇಟ್ಟರೆ ಮೈಬಲಕ್ಕಿಂತ ಕಾಲಿನ ಚಳಕಕ್ಕೆ ಬೆಲೆ ಬರುತ್ತದೆ. ಸರ್ಕಾರಿ ಕ್ರೀಡಾಶಾಲೆಗಳ ಆಯ್ಕೆಯಲ್ಲಿ ಎತ್ತರ, ತೂಕ ಅಳೆಯುವಾಗಲೂ ಹುಡುಗ ಬಲಿತಿದ್ದಾನೋ ಇನ್ನೂ ಇಲ್ಲವೋ ಎಂಬುದನ್ನು ಪಕ್ಕದಲ್ಲಿ ಬರೆದುಕೊಂಡರೆ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇನ್ನು ಮನೆತನದಿಂದಲೇ ಗಿಡ್ಡವಾಗಿರುವವರ ಮಾತು. ಇವರು ತಡವಾಗಿ ಬೆಳೆಯುವವರಲ್ಲ, ಬೆಳೆದ ಮೇಲೂ ಗಿಡ್ಡವೇ. ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಅವರನ್ನು ಯಾರು ತಾನೇ ಮರೆಯುತ್ತಾರೆ? ಐದೂಕಾಲು ಅಡಿಯ ಆಸುಪಾಸಿನ ಆಳು ತಮ್ಮ ಮೊದಲ ರಣಜಿ ಪಂದ್ಯದಲ್ಲೇ ಮೈಸೂರು ರಾಜ್ಯಕ್ಕೆ 230 ರನ್ ಹೊಡೆದರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ತಮ್ಮ ಮೊದಲ ಟೆಸ್ಟ್‌ನಲ್ಲಿ ಸೊನ್ನೆಯ ಬೆನ್ನಿಗೇ 137 ಗಳಿಸಿದರು. ಫುಟ್‌ಬಾಲ್‌ನಲ್ಲಿ 2013ರಿಂದ ಬೆಂಗಳೂರು ಎಫ್.ಸಿ.ಯ ಆಧಾರವಾದ ಸುನಿಲ್ ಛೆಟ್ರಿ ಅವರ ಎತ್ತರ 5 ಅಡಿ 7 ಅಂಗುಲ. ತಲೆಯಿಂದ ಗೋಲು ಹೊಡೆಯುವುದರಲ್ಲಿ ಅವರು ಹೆಸರಾದವರು.

ಟಾನಿಕ್ಕು, ಪುಡಿ, ಸೂಜಿ

ಡಬ್ಬಿಯಲ್ಲಿ ಬರುವ ಯಾವ ಪುಡಿಯೂ ಹೊಟ್ಟೆ ತುಂಬ ಉಣ್ಣುವ ಮಗುವನ್ನು ಎತ್ತರ ಮಾಡುವುದಿಲ್ಲ. ಅದರಲ್ಲಿ ಹೆಚ್ಚಾಗಿರುವುದು ಸಕ್ಕರೆ. ಅಂಗಡಿಗಳು ಇಂಥ ಪಾನೀಯಗಳನ್ನು ‘ಆರೋಗ್ಯ ಪೇಯ’ ಎಂದು ಮಾರಬಾರದೆಂದು ಕೇಂದ್ರ ಸರ್ಕಾರವೇ 2024ರಲ್ಲಿ ಆನ್‌ಲೈನ್ ಕಂಪನಿಗಳಿಗೆ ಸೂಚಿಸಿತು. ನಮ್ಮ ರಾಗಿ ನೂರು ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಕೊಡುತ್ತದೆ. ಮುದ್ದೆಯ ಜೊತೆ ಸೊಪ್ಪು, ಹುರುಳಿ ಅಥವಾ ಅವರೆಕಾಳಿನ ಸಾರು, ಒಂದು ಲೋಟ ಹಾಲು ಅಥವಾ ಮೊಸರು, ತಿನ್ನುವವರಾದರೆ ದಿನಕ್ಕೊಂದು ಮೊಟ್ಟೆ ಸಾಕು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಹರಿಯುವುದು ಗಾಢ ನಿದ್ರೆಯಲ್ಲಿ. ರಾತ್ರಿ ಹನ್ನೆರಡರವರೆಗೆ ಮೊಬೈಲ್ ಹಿಡಿದ ಹುಡುಗನಿಗೆ ಟಾನಿಕ್ ಕೊಡುವುದು ತೂತು ಬಿಂದಿಗೆಗೆ ನೀರು ಸುರಿದ ಹಾಗೆ. ಕಂಬಿಗೆ ಜೋತು ಬಿದ್ದರೆ ಎತ್ತರವಾಗುತ್ತದೆಂಬುದೂ ನಂಬಿಕೆಯಷ್ಟೇ.

ಮೆಸ್ಸಿಯ ಉದಾಹರಣೆ ಹೇಳಿ ‘ಆ ಸೂಜಿ ಹಾಕಿಸೋಣವೇ’ ಎಂದು ಕೇಳುವವರಿದ್ದಾರೆ. ಅರ್ಜೆಂಟೀನಾದ ಆ ಹುಡುಗನಿಗೆ ಬೆಳವಣಿಗೆಯ ಹಾರ್ಮೋನಿನ ಕೊರತೆ ಇರುವುದು ಪರೀಕ್ಷೆಯಿಂದ ಖಚಿತವಾಗಿತ್ತು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ. 2000ದಲ್ಲಿ ಅವನು ಸೇರಿದ ಬಾರ್ಸಿಲೋನಾ ಕ್ಲಬ್ಬು ಆ ಚಿಕಿತ್ಸೆಯ ಖರ್ಚನ್ನು ವಹಿಸಿಕೊಂಡಿತು. ಹಾಗಿದ್ದೂ ಅವನು ಬೆಳೆದು ನಿಂತದ್ದು 5 ಅಡಿ 7 ಅಂಗುಲಕ್ಕೇ. ಈ ಚುಚ್ಚುಮದ್ದು ದುಬಾರಿ, ವರ್ಷಗಟ್ಟಲೆ ದಿನವೂ ಬೇಕು, ಮೂಳೆಯ ಪಟ್ಟಿ ಮುಚ್ಚಿದ ಮೇಲೆ ನಿರುಪಯೋಗಿ. ಕೊರತೆ ಇಲ್ಲದ, ತಡವಾಗಿ ಬಲಿಯುವ ಹುಡುಗನಿಗೆ ಅದರ ಗೊಡವೆ ಬೇಡ. ಇನ್ನೂ ಅಪಾಯದ್ದು, ಮೈ ಕಟ್ಟಲೆಂದು ಕೆಲವೆಡೆ ಗುಟ್ಟಾಗಿ ಕೊಡುವ ಸ್ಟೀರಾಯ್ಡ್ ಮಾತ್ರೆ, ಸೂಜಿಗಳು. ಇವು ಮೂಳೆಯ ಪಟ್ಟಿಯನ್ನು ಬೇಗ ಮುಚ್ಚಿಬಿಡುವುದರಿಂದ ಬೆಳೆಯಬೇಕಾದ ಹುಡುಗ ಅಲ್ಲಿಗೇ ನಿಲ್ಲುತ್ತಾನೆ.

ಮನೆಯಲ್ಲಿ ಮಾಡಬೇಕಾದ್ದು ಬಲು ಸುಲಭ. ಬಾಗಿಲುವಾಡಕ್ಕೆ ಮಗುವಿನ ಬೆನ್ನು, ಹಿಮ್ಮಡಿ ತಾಗುವಂತೆ ಬರಿಗಾಲಲ್ಲಿ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಆರು ತಿಂಗಳಿಗೊಮ್ಮೆ ಅಳೆದರೆ ಸಾಕು, ಅದೂ ಬೆಳಗಿನ ಹೊತ್ತು; ಸಂಜೆಗೆ ಎಲ್ಲರೂ ಸುಮಾರು ಒಂದು ಸೆಂಟಿಮೀಟರ್ ಕುಗ್ಗಿರುತ್ತಾರೆ. ಪಕ್ಕದ ಮನೆಯ ಹುಡುಗನ ಎತ್ತರಕ್ಕಿಂತ ಈ ಎರಡು ಗೆರೆಗಳ ನಡುವಿನ ಅಂತರ ವೈದ್ಯರಿಗೆ ಹೆಚ್ಚು ವಿಷಯ ಹೇಳುತ್ತದೆ. ಮಗು ಮುಂದೆ ಎಷ್ಟು ಬೆಳೆಯಬಹುದೆಂಬ ಅಂದಾಜೂ ಸಾಧ್ಯ. ತಂದೆತಾಯಿಗಳ ಎತ್ತರ ಕೂಡಿಸಿ, ಹುಡುಗನಿಗಾದರೆ 13 ಸೆಂಟಿಮೀಟರ್ ಸೇರಿಸಿ, ಹುಡುಗಿಗಾದರೆ 13 ಕಳೆದು, ಬಂದದ್ದನ್ನು ಅರ್ಧ ಮಾಡಬೇಕು. ತಂದೆ 168, ತಾಯಿ 154 ಸೆಂಟಿಮೀಟರ್ ಇದ್ದರೆ ಮಗ ಸುಮಾರು 167, ಮಗಳು 154. ಎಂಟು ಸೆಂಟಿಮೀಟರ್ ಆಚೆ ಈಚೆ ಆಗುವುದುಂಟು.

ವರ್ಷಕ್ಕೆ 4 ಸೆಂಟಿಮೀಟರ್ ಕೂಡ ಬೆಳೆಯದ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಹುಡುಗನಿಗೆ 14, ಹುಡುಗಿಗೆ 13 ತುಂಬಿದರೂ ಹದಿಹರೆಯದ ಗುರುತು ಕಾಣದಿದ್ದರೆ, ಎತ್ತರ ನಿಂತು ತೂಕ ಮಾತ್ರ ಏರುತ್ತಿದ್ದರೆ, ಪದೇ ಪದೇ ಭೇದಿ, ಬಿಳಿಚಿದ ಕಣ್ಣು, ತಲೆನೋವಿನ ಜೊತೆ ದೃಷ್ಟಿ ಮಂಜಾಗುವುದು ಇದ್ದರೆ ತಡ ಮಾಡಬಾರದು. ಥೈರಾಯ್ಡ್ ಕೊರತೆ, ರಕ್ತಹೀನತೆ, ಕರುಳಿನ ತೊಂದರೆ ಇವೆಲ್ಲ ಮಗುವನ್ನು ಗಿಡ್ಡವಾಗಿಸುತ್ತವೆ, ಪತ್ತೆಯಾದರೆ ಚಿಕಿತ್ಸೆಯಿದೆ. ‘ಮುಂದೆ ಬೆಳೀತಾನೆ ಬಿಡಿ’ ಎಂಬ ಸಮಾಧಾನ ಇಂಥ ಮಕ್ಕಳಿಗೆ ಸಲ್ಲದು.

ಹುಡುಗಿಯರ ಕಥೆ ಬೇರೆ. ಹನ್ನೆರಡಕ್ಕೆ ತಂಡದಲ್ಲಿ ಎಲ್ಲರಿಗಿಂತ ಎತ್ತರವಾಗಿದ್ದವಳು ಮೈನೆರೆದ ಮೇಲೆ ಸಾಮಾನ್ಯವಾಗಿ ಇನ್ನು 5ರಿಂದ 7 ಸೆಂಟಿಮೀಟರ್ ಬೆಳೆದು ನಿಲ್ಲುತ್ತಾಳೆ. ಮೈಯ ಆಕಾರ ಬದಲಾಗಿ ಒಂದೆರಡು ವರ್ಷ ಓಟ ನಿಧಾನವಾದಂತೆ ಕಾಣಬಹುದು. ಅಷ್ಟರಲ್ಲೇ ಮನೆಯವರು ಆಟ ಬಿಡಿಸಿಬಿಡುತ್ತಾರೆ. ಮುಟ್ಟಿನ ದಿನಗಳಲ್ಲಿ ಆಡಬಾರದೆಂಬುದಕ್ಕೆ ವೈದ್ಯಕೀಯ ಕಾರಣ ಯಾವುದೂ ಇಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಊಟದ ನಂತರ ತಪ್ಪದೆ ನುಂಗಲಿ.

ಕೊನೆಗೆ ನೋವಿನ ವಿಷಯ. ಒಮ್ಮೆಲೇ ಏರುವ ಆ ವರ್ಷದಲ್ಲಿ ಪಾದ, ಕಾಲು ಮೊದಲು ಉದ್ದವಾಗುತ್ತವೆ. ಸ್ನಾಯುಗಳು ಹಿಂದೆ ಬೀಳುತ್ತವೆ. ಚೆನ್ನಾಗಿ ಆಡುತ್ತಿದ್ದವನು ಎಡವುತ್ತಾನೆ, ಚೆಂಡು ಕಾಲಿಗೆ ಸಿಗುವುದಿಲ್ಲ. ಮೇಷ್ಟ್ರು ಇದನ್ನು ಸೋಮಾರಿತನವೆಂದುಕೊಳ್ಳಬಾರದು, ತಿಂಗಳುಗಳಲ್ಲಿ ಸರಿಹೋಗುತ್ತದೆ. ಬಿಗಿದ ಸ್ನಾಯುರಜ್ಜು ಮೂಳೆಯನ್ನು ಎಳೆಯುವಲ್ಲಿ, ಅಂದರೆ ಮಂಡಿಯ ಕೆಳಗಿನ ಗುಬುಟಿನಲ್ಲಿ ಅಥವಾ ಹಿಮ್ಮಡಿಯ ಹಿಂಭಾಗದಲ್ಲಿ ಆಡಿದ ಮೇಲೆ ನೋವು ಬಂದರೆ ಎರಡು ಮೂರು ವಾರ ಓಟ, ನೆಗೆತ ಕಡಿಮೆ ಮಾಡಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಟ್ಟು, ತೊಡೆ ಮತ್ತು ಮೀನಖಂಡದ ಸ್ನಾಯುಗಳನ್ನು ನಿಧಾನವಾಗಿ ಎಳೆಯುವ ವ್ಯಾಯಾಮ ಮಾಡಿಸಬೇಕು. ಜೋರಾಗಿ ಎಣ್ಣೆ ತಿಕ್ಕಿಸುವುದು, ನೋವಿನ ಸೂಜಿ ಹಾಕಿಸಿ ಮತ್ತೆ ಆಡಿಸುವುದು ಬೇಡ. ರಾತ್ರಿ ನಿದ್ದೆಯಿಂದ ಎಬ್ಬಿಸುವ, ಒಂದೇ ಕಾಲಿನಲ್ಲಿ ಬಿಡದೆ ಕಾಡುವ, ಊತ ಅಥವಾ ಜ್ವರ ಕೂಡಿದ ನೋವಾದರೆ ಅದು ಬೆಳವಣಿಗೆಯ ನೋವಲ್ಲ. ಮರುದಿನವೇ ಎಕ್ಸ್‌ರೇ ಆಗಬೇಕು.