ಕ್ಯಾನ್ಸರ್‌ನ ಬೇರನ್ನು ಹುಡುಕುವ ಬಗೆ

“ಗಡ್ಡೆ ಪೂರ್ತಿ ಕರಗಿದೆ ಎಂದಿದ್ದರು. ಮತ್ತೆ ಹೇಗೆ ಬಂತು ಡಾಕ್ಟ್ರೇ?” ಕ್ಯಾನ್ಸರ್ ರೋಗಿಗಳ ಮನೆಯವರು ನೊಂದು ಕೇಳುವ ಪ್ರಶ್ನೆಯಿದು. ಇದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು, ಕ್ಯಾನ್ಸರ್‌ನ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್.

ಗರಿಕೆಯನ್ನು ಮೇಲೆ ಮೇಲೆ ಕೊಯ್ದರೆ ಬೇರಿನಿಂದ ಮತ್ತೆ ಚಿಗುರುತ್ತದೆ. ಹಾಗೆಯೇ ಹಲವು ಕ್ಯಾನ್ಸರ್‌ಗಳಲ್ಲಿ ಕೆಲವು ಜೀವಕೋಶಗಳಿಗೆ ಮಾತ್ರ ಇಡೀ ಗಡ್ಡೆಯನ್ನು ಮತ್ತೆ ಬೆಳೆಸುವ ಶಕ್ತಿಯಿರುತ್ತದೆ. ಇಂಥ ಕೋಶಗಳು ಔಷಧಿಗೆ ಸುಲಭವಾಗಿ ಬಗ್ಗದಿರಬಹುದು. ಸೂಕ್ಷ್ಮದರ್ಶಕದಲ್ಲಿ ನೋಡಿದ ಮಾತ್ರಕ್ಕೆ ಇವು ಬೇರೆಯಾಗಿ ಕಾಣುವುದಿಲ್ಲ. ಹಾಗಾದರೆ ಪತ್ತೆ ಹೇಗೆ?

ಬಣ್ಣದ ಗುರುತು: ಜೀವಕೋಶದ ಹೊರಮೈಯಲ್ಲಿ ಬಗೆಬಗೆಯ ಪ್ರೋಟೀನುಗಳಿರುತ್ತವೆ. ಅವುಗಳಿಗೆ ಹೊಳೆಯುವ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು ಅಂಟಿಸುತ್ತಾರೆ. ಬಳಿಕ ಫ್ಲೋ ಸೈಟೋಮೀಟರ್ ಎಂಬ ಯಂತ್ರದಲ್ಲಿ ಕೋಶಗಳನ್ನು ಒಂದೊಂದಾಗಿ ಲೇಸರ್ ಕಿರಣದ ಮುಂದೆ ಹಾಯಿಸಿ, ಬಣ್ಣ ನೋಡಿ ಬೇರ್ಪಡಿಸುತ್ತಾರೆ.

ಗೋಲಿಯಾಗಿ ಬೆಳೆಸುವುದು: ಅಂಟಿಕೊಳ್ಳಲು ಆಸರೆಯಿಲ್ಲದ ತಟ್ಟೆಯಲ್ಲಿ ಹೆಚ್ಚಿನ ಕೋಶಗಳು ಸಾಯುತ್ತವೆ. ಕಾಂಡಕೋಶದ ಗುಣವುಳ್ಳವು ತೇಲುವ ಪುಟ್ಟ ಗೋಲಿಗಳಂತೆ ಬೆಳೆಯುತ್ತವೆ.

ಇಲಿಯಲ್ಲಿ ಪರೀಕ್ಷೆ: ಇದೇ ಮುಖ್ಯ ಸಾಕ್ಷ್ಯ. ರೋಗನಿರೋಧಕ ಶಕ್ತಿಯಿಲ್ಲದ ಇಲಿಗೆ ಬೇರ್ಪಡಿಸಿದ ಕೋಶಗಳನ್ನು ಚುಚ್ಚುತ್ತಾರೆ. 1994ರಲ್ಲಿ ಕೆನಡಾದ ಟೊರಾಂಟೋದಲ್ಲಿ ಜಾನ್ ಡಿಕ್ ಅವರ ತಂಡ ರಕ್ತದ ಕ್ಯಾನ್ಸರಿನ ಇಂಥ ಕೋಶಗಳನ್ನು ಹೀಗೆ ತೋರಿಸಿತು. 2003ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಕ್ಲಾರ್ಕ್ ಅವರ ತಂಡ ಸ್ತನ ಕ್ಯಾನ್ಸರನ್ನು ಪರೀಕ್ಷಿಸಿತು. ಸಿಡಿ 44 ಇದ್ದು, ಸಿಡಿ 24 ಇಲ್ಲದ ಅಥವಾ ಕಡಿಮೆಯಿರುವ ಗುಂಪಿನ ಕೇವಲ 100 ಕೋಶಗಳಿಂದ ಗಡ್ಡೆ ಬೆಳೆಯಿತು. ಉಳಿದ ಬಗೆಯ ಕೋಶಗಳನ್ನು ಹತ್ತಾರು ಸಾವಿರ ಹಾಕಿದರೂ ಬೆಳೆಯಲಿಲ್ಲ. ಹೊಸ ಗಡ್ಡೆಯ ಕೋಶವನ್ನು ಇನ್ನೊಂದು ಇಲಿಗೆ ಹಾಕಿದಾಗಲೂ ಬೆಳೆದರೆ ಮಾತ್ರ ಅದು ನಿಜವಾದ ಬೇರು.

ಆದರೆ ಪರೀಕ್ಷೆ ಬದಲಾದರೆ ಉತ್ತರವೂ ಬದಲಾಗಬಹುದು. 2008ರಲ್ಲಿ ನಿರೋಧಕ ಶಕ್ತಿ ಇನ್ನೂ ಕುಂದಿದ ಇಲಿಗಳನ್ನು ಬಳಸಿದಾಗ, ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಸುಮಾರು ನಾಲ್ಕರಲ್ಲಿ ಒಂದು ಕೋಶ ಗಡ್ಡೆಯಾಗಿ ಬೆಳೆಯಿತು. ಎಲ್ಲ ಕ್ಯಾನ್ಸರ್‌ಗಳಿಗೂ ಹೊಂದುವ ಒಂದೇ ಗುರುತೂ ಇಲ್ಲ.

ಆದ್ದರಿಂದ ಇವು ಮುಖ್ಯವಾಗಿ ಸಂಶೋಧನೆಯ ವಿಧಾನಗಳು. ರಕ್ತದ ಕ್ಯಾನ್ಸರಿನಲ್ಲಿ ಆಸ್ಪತ್ರೆಗಳು ಮಾಡಿಸುವ ಫ್ಲೋ ಸೈಟೋಮೆಟ್ರಿಯ ಉದ್ದೇಶ ಬೇರೆ. ಅದು ರೋಗದ ಬಗೆಯನ್ನೂ, ಚಿಕಿತ್ಸೆಯ ನಂತರ ಉಳಿದ ರೋಗವನ್ನೂ ತಿಳಿಯಲಿಕ್ಕೆ.

ಓದುಗರು ನೆನಪಿಡಬೇಕಾದ್ದಿಷ್ಟು: ಗಡ್ಡೆ ಕಾಣದಾಯಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ವೈದ್ಯರು ಹೇಳಿದ ದಿನ ತಪಾಸಣೆಗೆ ತಪ್ಪದೆ ಹೋಗಿ. ಕಣ್ಣಿಗೆ ಕಾಣದ ಬೇರು ಉಳಿದಿರಬಹುದು.