ಲೋಳಸರಕ್ಕೆ ಹೊಸ ಕುಂಡ

ನಮ್ಮ ಬಾಗಿಲ ಮುಂದೆ ಲೋಳಸರ ಇದೆ. ಕುಂಡದ ತುಂಬ ಮರಿ ಬಂದಿವೆ. ತಳದ ತೂತಿನಿಂದ ಬೇರು ಹೊರಗೆ ಇಣುಕುತ್ತಿದೆ. ಅಂದರೆ, ಕುಂಡ ಬದಲಿಸಬೇಕು.

ಯಾವಾಗ? ಬ್ಯಾಸಗಿ ಬಿಸಿಲು ತಗ್ಗಿದ ಮ್ಯಾಲೆ, ಮಿರಗ ಮಳಿ ಹೊತ್ತಿಗೆ.

ಹುನಗುಂದದ ಕಡೆ ಎರಿ ಭೂಮಿ. ಹೋದ ವರ್ಷ ನಾವು ಒಂದು ಗಿಡಕ್ಕೆ ಬರೀ ಎರಿ ಮಣ್ಣು ತುಂಬಿದೆವು. ದಿನಾ ನೀರು ಹಾಕಿದೆವು. ಎರಿ ಮಣ್ಣು ನೀರು ಹಿಡಿದಿಡುತ್ತದೆ. ಬೇರು ಕೊಳೆತು ಗಿಡ ಸತ್ತಿತು. ಜೋಳಕ್ಕೆ ಬಂಗಾರದಂಥ ಮಣ್ಣು, ಲೋಳಸರಕ್ಕೆ ಆಗಲಿಲ್ಲ ನೋಡ್ರಿ!

ಈ ಸಲ ಬಾದಾಮಿ ಕಡೆಯ ಕೆಂಪು ಮಣ್ಣು ತಂದೆವು. ಅಷ್ಟೇ ಉಸುಕು, ಒಂದು ಹಿಡಿ ಹಳೆ ತಿಪ್ಪಿ ಗೊಬ್ಬರ ಕೂಡಿಸಿದೆವು. ಹಳೆ ಎಣ್ಣಿ ಡಬ್ಬಿ ಆದರೂ ನಡೆಯುತ್ತದೆ. ತಳಕ್ಕೆ ತೂತು ಮಾತ್ರ ಬೇಕೇ ಬೇಕು.

ಗಿಡ ಹಿಡಿದು ಜಗ್ಗಬಾರದು. ಕುಂಡ ಮಲಗಿಸಿ ಮೆಲ್ಲಗೆ ಬಡಿಯಬೇಕು. ಕೊಳೆತ ಬೇರು ಕತ್ತರಿಸಬೇಕು. ಬೇರು ಬಂದ ಮರಿ ಬಿಡಿಸಬೇಕು. ಎರಡು ದಿನ ನೆರಳಲ್ಲಿ ಇಡಬೇಕು. ಕೊಯ್ದ ಜಾಗ ಒಣಗಿದ ಮ್ಯಾಲೆ ನೆಡಬೇಕು. ಒಂದು ವಾರ ನೀರು ಬ್ಯಾಡ. ಮುಂದೆಯೂ ಮಣ್ಣು ಪೂರಾ ಒಣಗಿದಾಗಲೇ ನೀರು.

ಎಲಿ ಕೊಯ್ದರೆ ಹಳದಿ ರಸ ಸೋರುತ್ತದೆ. ಅದು ಹೊಟ್ಟೆಗೆ ಹೋದರೆ ಭೇದಿ ಆಗುತ್ತದೆ. ಬಸುರಿಯರು ತಿನ್ನಲೇಬಾರದು.

ಒಂದು ಮರಿ ಇಳಕಲ್ಲಿನ ಅಕ್ಕನ ಮನೆಗೆ ಹೋಯಿತು. ಡಬ್ಬಿಗೆ ಚೀಟಿ ಅಂಟಿಸಿ, ನೀರು ಹಾಕುವ ದಿನ ನಾವೇ ಬರೆದೆವು.